ತ್ರಿವೇಣಿಯವರ ‘ಶರಪಂಜರ’: ಗುಣವಾಗಿ ಮರಳಿದ ಕಾವೇರಿಗೆ ಅಳುವ ಹಕ್ಕು ಏಕಿಲ್ಲ?

ಮರುಓದಿನವಳು:

ತ್ರಿವೇಣಿಯವರ ‘ಶರಪಂಜರ’ದ ಬಗ್ಗೆ ಮಾತು ಬಂದಾಗಲೆಲ್ಲ ಚರ್ಚೆ ಎರಡು ಪ್ರಶ್ನೆಗಳ ಸುತ್ತ ಗಿರಕಿ ಹೊಡೆಯುತ್ತದೆ: ಕಾವೇರಿಗೆ ಬುದ್ಧಿಭ್ರಮಣೆಯಾದದ್ದು ಏಕೆ, ಅವಳ ಗಂಡ ಸತೀಶನ ತಪ್ಪು ಎಷ್ಟು. ಈ ಎರಡರ ನಡುವೆ ಕಾದಂಬರಿಯ ತಿರುಳು ಕೈಜಾರಿ ಹೋಗುತ್ತದೆ ಎಂಬುದು ನನ್ನ ಅನಿಸಿಕೆ. ಕಾವೇರಿ ಬಾಣಂತಿಯಾಗಿದ್ದಾಗ ಕಾಯಿಲೆ ಬೀಳುತ್ತಾಳೆ, ಆಸ್ಪತ್ರೆ ಸೇರುತ್ತಾಳೆ, ಚಿಕಿತ್ಸೆಯಿಂದ ಗುಣವಾಗುತ್ತಾಳೆ. ಕಥೆ ನಿಜವಾಗಿ ಬಿಗಿಯಾಗುವುದು ಅವಳು ಮನೆಯ ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ. ಆ ಮನೆಯಲ್ಲಿ ಅವಳಿಗೆ ಊಟವಿದೆ, ಉಡಲು ಸೀರೆಯಿದೆ, ಹೆಂಡತಿ ಎಂಬ ಹೆಸರಿದೆ. ಆದರೆ ಅವಳು ಸಿಟ್ಟಾದರೆ ಅದನ್ನು ಸಿಟ್ಟೆಂದು ಯಾರೂ ಎಣಿಸುವುದಿಲ್ಲ, ಅತ್ತರೆ ಏಕೆ ಅತ್ತಳೆಂದು ಯಾರೂ ಕೇಳುವುದಿಲ್ಲ. ಎಲ್ಲಕ್ಕೂ ಒಂದೇ ಹೆಸರು, ‘ಮತ್ತೆ ಶುರುವಾಯಿತು’.

ಅವಳಿಗೆ ದುಃಖಪಡಲು ಕಾರಣಗಳಿಲ್ಲವೇ? ಕೂಸಿನ ಮೊದಲ ದಿನಗಳು ಅವಳ ಪಾಲಿಗೆ ಸಿಗಲಿಲ್ಲ. ಪ್ರೀತಿಸಿ ಕೈಹಿಡಿದ ಗಂಡ ಒಂದೇ ಸೂರಿನ ಕೆಳಗಿದ್ದೂ ಅಪರಿಚಿತನಾಗಿದ್ದಾನೆ. ಹಿಂದೆ ತನ್ನನ್ನು ನಂಬುತ್ತಿದ್ದವರ ಕಣ್ಣಿನಲ್ಲಿ ಈಗ ಭಯವಿದೆ. ಸಾವಿನ ಮನೆಯಲ್ಲಿ ಅಳುವವಳನ್ನು ಸಂತೈಸಲು ನೆಂಟರಿಷ್ಟರು ಬರುತ್ತಾರೆ, ಅವಳ ಅಳುವಿಗೆ ಇಷ್ಟು ದಿನವೆಂಬ ಲೆಕ್ಕವನ್ನೂ ಶಾಸ್ತ್ರವೇ ಹಾಕಿಕೊಟ್ಟಿದೆ. ಬದುಕಿರುವ ಗಂಡನನ್ನು ಕಳೆದುಕೊಂಡವಳಿಗೆ ಸೂತಕವೂ ಇಲ್ಲ, ವೈಕುಂಠ ಸಮಾರಾಧನೆಯೂ ಇಲ್ಲ. ಕೊನೆಯಲ್ಲಿ ಕಾವೇರಿಯನ್ನು ಮತ್ತೆ ಆಸ್ಪತ್ರೆಗೆ ಕಳಿಸುವ ಎರಡನೆಯ ಕುಸಿತವನ್ನು ನಾನು ಕಾಯಿಲೆಯ ಮರುಕಳಿಕೆ ಎನ್ನುವುದಕ್ಕಿಂತ ಹೆಚ್ಚಾಗಿ ಹೊರಬರಲು ದಾರಿಯೇ ಸಿಗದ ದುಃಖವೆಂದು ಓದುತ್ತೇನೆ. ನಿಮ್ಮೆಲ್ಲರ ಅಭಿಪ್ರಾಯವೇನು?

ಮೈಸೂರಿನ ಓದುಗ:

ನಿಮ್ಮ ಓದು ಮನಮುಟ್ಟುವಂತಿದೆಯಾದರೂ ಸತೀಶನ ಪಕ್ಷದಲ್ಲಿ ಒಂದು ಮಾತು ಹೇಳದೆ ಇರಲಾರೆ. ತ್ರಿವೇಣಿಯವರು ಅವನನ್ನು ಖಳನನ್ನಾಗಿ ಚಿತ್ರಿಸಿಲ್ಲ. ಅವನು ಹೊಡೆಯುವವನಲ್ಲ, ಕುಡುಕನಲ್ಲ, ಹೆಂಡತಿಗೆ ಚಿಕಿತ್ಸೆ ಕೊಡಿಸಿದವನು. ಮದುವೆಗೆ ಮೊದಲು ನಡೆದ ಪ್ರಸಂಗವೊಂದು ಹೆಂಡತಿಯ ಭ್ರಮೆಯ ಮಾತುಗಳಲ್ಲಿ ಹೊರಬಿದ್ದಾಗ ಅವನ ಮನಸ್ಸು ಒಡೆಯುತ್ತದೆ. ಆ ಕಾಲದ ಮಧ್ಯಮವರ್ಗದ ಗಂಡಸಿನಿಂದ ನಾವು ಎಷ್ಟರಮಟ್ಟಿನ ಔದಾರ್ಯವನ್ನು ನಿರೀಕ್ಷಿಸಬಹುದು? ಇಂದಿನ ಅಳತೆಗೋಲಿನಿಂದ ಅವನನ್ನು ಅಳೆಯುವುದು ಅಷ್ಟು ನ್ಯಾಯವಲ್ಲ.

ಮರುಓದಿನವಳು:

ಇಂದಿನ ಅಳತೆಗೋಲು ಬೇಡ, ಕಾದಂಬರಿಯೊಳಗಿನ ಅಳತೆಗೋಲನ್ನೇ ಬಳಸೋಣ. ಮದುವೆಗೆ ಮೊದಲು ಹೆಂಡತಿಯ ಬದುಕಿನಲ್ಲಿ ನಡೆದದ್ದು ಸತೀಶನಿಗೆ ಕ್ಷಮಿಸಲಾಗದ ಸಂಗತಿ. ಮದುವೆಯಾದ ಮೇಲೆ, ಹೆಂಡತಿ ಆಸ್ಪತ್ರೆಯಲ್ಲಿದ್ದ ಹೊತ್ತಿನಲ್ಲಿ, ತಾನು ಇನ್ನೊಬ್ಬಳ ಜೊತೆ ಬೆಳೆಸಿಕೊಂಡ ಸಂಬಂಧಕ್ಕೆ ಮಾತ್ರ ಅವನ ಬಳಿ ಕಾರಣಗಳಿವೆ. ಈ ತಕ್ಕಡಿಯನ್ನು ಲೇಖಕಿ ಓದುಗರ ಮುಂದೆ ಸುಮ್ಮನೆ ತೂಗುಹಾಕಿ ನಿಲ್ಲುತ್ತಾರೆ, ತೀರ್ಪು ಹೇಳುವುದಿಲ್ಲ. ಅವನು ಖಳನಲ್ಲದಿರುವುದರಿಂದಲೇ ಕಾದಂಬರಿ ಭಯ ಹುಟ್ಟಿಸುತ್ತದೆ. ಖಳನಾಗಿದ್ದರೆ ಕಾವೇರಿಯ ಪರವಾಗಿ ಜಗಳವಾಡಲು ಬೀದಿಯಲ್ಲಿ ಒಬ್ಬರಾದರೂ ಸಿಗುತ್ತಿದ್ದರು. ಅವನು ಒಳ್ಳೆಯವನೆಂದು ಎಲ್ಲರಿಗೂ ಗೊತ್ತು, ಹುಚ್ಚಿಯನ್ನು ಮತ್ತೆ ಮನೆಗೆ ಕರೆತಂದ ಪುಣ್ಯಾತ್ಮ.

ಆಪ್ತಸಮಾಲೋಚಕಿ:

ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವವಳಾಗಿ ಕೆಲವು ವಿಷಯಗಳನ್ನು ಸೇರಿಸುತ್ತೇನೆ, ಏಕೆಂದರೆ ‘ಕಾಯಿಲೆಯಲ್ಲ, ದುಃಖ’ ಎಂಬ ಓದಿನಲ್ಲಿ ಒಂದು ಅಪಾಯವೂ ಇದೆ.

ಹೆರಿಗೆಯ ನಂತರದ ಮನೋವಿಕೃತಿ ನಿಜವಾದ ಕಾಯಿಲೆ. ಸಾವಿರ ಹೆರಿಗೆಗಳಲ್ಲಿ ಸುಮಾರು 1ರಿಂದ 2 ತಾಯಂದಿರಲ್ಲಿ ಅದು ಕಾಣಿಸಿಕೊಳ್ಳುತ್ತದೆ, ಬಹುಪಾಲು ಮೊದಲ ಎರಡು ವಾರಗಳೊಳಗೆ. ನಿದ್ರೆ ಹೋಗುತ್ತದೆ, ಮಾತು ದಿಕ್ಕು ತಪ್ಪುತ್ತದೆ, ಕೂಸು ತನ್ನದಲ್ಲವೆಂದೋ ಯಾರೋ ಅದನ್ನು ಕೊಲ್ಲಲು ಬರುತ್ತಿದ್ದಾರೆಂದೋ ಅನ್ನಿಸತೊಡಗುತ್ತದೆ. ಬೆಳಿಗ್ಗೆ ಸರಿಯಾಗಿದ್ದವಳು ಸಂಜೆಗೆ ಮನೆಯವರ ಗುರುತನ್ನೇ ಹಿಡಿಯದೆ ಹೋಗಬಹುದು. ಇದು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕಾದ ಸ್ಥಿತಿ. ಹಾಗೆಯೇ, ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುವ ಕಾಯಿಲೆಗಳಲ್ಲಿ ಇದೂ ಒಂದು. ಬಾಣಂತಿಸನ್ನಿ ಎಂದು ನಮ್ಮ ಅಜ್ಜಿಯರು ಹೆದರುತ್ತಿದ್ದುದರಲ್ಲಿ ಇದರ ಪಾಲೂ ಇತ್ತು. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರು ಇದನ್ನು ದೆವ್ವದ ಕಾಟವನ್ನಾಗಿಯೋ ಪೂರ್ವಜನ್ಮದ ಕರ್ಮವನ್ನಾಗಿಯೋ ಮಾಡದೆ, ಬಂದುಹೋಗುವ ಕಾಯಿಲೆಯನ್ನಾಗಿ ಬರೆದದ್ದು ಸಣ್ಣ ಸಾಧನೆಯಲ್ಲ.

ಆದ್ದರಿಂದ ಕಾವೇರಿಯ ಮೊದಲ ಕುಸಿತವನ್ನು ದುಃಖವೆಂದು ಕರೆಯಲು ನಾನು ಒಪ್ಪುವುದಿಲ್ಲ. ಗಂಡ ಒಳ್ಳೆಯವನಾಗಿದ್ದು, ಮನೆ ತುಂಬ ಪ್ರೀತಿಯಿದ್ದ ತಾಯಂದಿರಿಗೂ ಈ ಕಾಯಿಲೆ ಬರುತ್ತದೆ. ‘ಏನೋ ಕೊರಗಿತ್ತು, ಅದಕ್ಕೇ ಹೀಗಾಯಿತು’ ಎಂದು ಹೇಳುತ್ತ ಹೋದರೆ ಮಾತ್ರೆಯನ್ನು ಬಿಸಾಡಿ ಸಾಂತ್ವನ ಹೇಳಲು ಹೊರಡುತ್ತೇವೆ.

ಎರಡನೆಯ ಕುಸಿತದ ವಿಷಯದಲ್ಲಿ ಮಾತ್ರ ‘ಮರುಓದಿನವಳು’ ಹೇಳಿದ್ದು ನನ್ನ ದಿನನಿತ್ಯದ ಅನುಭವಕ್ಕೆ ಹತ್ತಿರವಾಗಿದೆ. ಕಾಯಿಲೆಯಿಂದ ಚೇತರಿಸಿಕೊಂಡಿದ್ದ ಹೆಣ್ಣುಮಗಳೊಬ್ಬಳು ತಂದೆ ತೀರಿಕೊಂಡ ದಿನ ಹೆಣದ ತಲೆಯ ಬಳಿ ಕುಳಿತು ದೀಪಕ್ಕೆ ಎಣ್ಣೆ ಹಾಕುತ್ತಿದ್ದಳಂತೆ, ಒಂದು ಹನಿ ಕಣ್ಣೀರು ಹಾಕಲಿಲ್ಲ. ಅತ್ತರೆ ಎಲ್ಲರ ಎದುರಿಗೇ ಚುಚ್ಚುಮದ್ದು ಹಾಕಿಸಲು ಕರೆದೊಯ್ದಾರೆಂಬ ಹೆದರಿಕೆ. ಅವಳು ಅಳದಿರುವುದನ್ನು ನೋಡಿ ಅತ್ತಿಗೆ ಹತ್ತಿರ ಬಂದು ಪಿಸುಗುಟ್ಟಿದ ಮಾತು: ‘ಇವತ್ತು ಮಾತ್ರೆ ತಗೊಂಡಿದ್ದೀಯಾ?’ ಅತ್ತರೂ ಕಾಯಿಲೆ, ಅಳದಿದ್ದರೂ ಕಾಯಿಲೆ. ಅತ್ತಿಗೆ ಕೆಟ್ಟವಳೇನಲ್ಲ, ಅವಳದೂ ಕಾಳಜಿಯೇ. ಕಾವೇರಿಯ ಮನೆಯ ಗಾಳಿ ಹೇಗಿತ್ತೆಂದು ನನಗೆ ಅರ್ಥವಾದದ್ದು ಈ ಮಾತಿನಿಂದ.

ತಂತಿ ಮೇಲಿನ ಹಕ್ಕಿ:

ನಾನು ಕಾದಂಬರಿ ಓದಿದ್ದು ಪುಟ್ಟಣ್ಣ ಕಣಗಾಲರ 1971ರ ಚಿತ್ರ ನೋಡಿದ ಮೇಲೆ. ಆದ್ದರಿಂದ ಪುಟಪುಟದಲ್ಲೂ ಕಲ್ಪನಾ ಅವರ ಮುಖವೇ ಎದುರಿಗೆ ನಿಲ್ಲುತ್ತದೆ. ಇದು ಕಾದಂಬರಿಗೆ ಆದ ಲಾಭವೋ ನಷ್ಟವೋ ತಿಳಿಯದು. ಚಿತ್ರದಲ್ಲಿ ನೋವು ಕಣ್ಣಿಗೆ ರಾಚುತ್ತದೆ, ಧ್ವನಿ ಏರುತ್ತದೆ, ಪ್ರೇಕ್ಷಕ ಕಣ್ಣೊರೆಸಿಕೊಳ್ಳುತ್ತ ಹೊರಬರುತ್ತಾನೆ. ಪುಸ್ತಕದಲ್ಲಿ ಅದೇ ನೋವು ತಣ್ಣಗೆ, ಮನೆಗೆಲಸದ ನಡುವೆ, ಯಾರೋ ಒಬ್ಬರು ಅರ್ಧಕ್ಕೆ ನಿಲ್ಲಿಸಿದ ಮಾತಿನಲ್ಲಿ ಇರುತ್ತದೆ. ಹುಚ್ಚು ಎಂದರೆ ಕೂದಲು ಕೆದರಿಕೊಂಡು ನಗುವುದು ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತಿರುವುದಕ್ಕೆ ಸಿನಿಮಾಗಳ ಕೊಡುಗೆ ಬಹಳ. ಈ ಚಿತ್ರವೂ ಆ ಕಳಂಕದಿಂದ ಪೂರ್ತಿ ಪಾರಾಗಿಲ್ಲವೆಂದು ನನ್ನ ಅನಿಸಿಕೆ, ಅಭಿಮಾನಿಗಳು ಮನ್ನಿಸಬೇಕು.

ನಿವೃತ್ತ ಮೇಷ್ಟ್ರು:

ಚರ್ಚೆ ಒಳ್ಳೆಯ ದಾರಿಯಲ್ಲಿದೆ. ಸಾಹಿತ್ಯದ ಕಡೆಯಿಂದ ಒಂದು ಹೋಲಿಕೆಯನ್ನು ಮುಂದಿಡುತ್ತೇನೆ.

ಷಾರ್ಲಟ್ ಬ್ರಾಂಟಿಯ ಇಂಗ್ಲಿಷ್ ಕಾದಂಬರಿ ‘ಜೇನ್ ಐರ್’ 1847ರಲ್ಲಿ ಬಂತು. ಅದರಲ್ಲಿ ನಾಯಕ ರೋಚೆಸ್ಟರನ ಮೊದಲ ಹೆಂಡತಿ ಬರ್ತಾ ಮೇಸನ್ ಮನೆಯ ಮೇಲಂತಸ್ತಿನಲ್ಲಿ ಬಂದಿಯಾಗಿದ್ದಾಳೆ. ಓದುಗರಿಗೆ ಕೇಳಿಸುವುದು ಅವಳ ನಗು, ಗುರುಗುಟ್ಟುವಿಕೆ, ಹೆಜ್ಜೆ ಸಪ್ಪಳ ಮಾತ್ರ. ಅವಳಿಗೆ ಹೀಗೇಕಾಯಿತೆಂದು ಹೇಳುವವನು ಅವಳನ್ನು ಕೂಡಿಹಾಕಿದ ಗಂಡನೇ, ಅವನ ಮಾತನ್ನು ಅಲ್ಲಗಳೆಯಲು ಪುಸ್ತಕದಲ್ಲಿ ಯಾರೂ ಇಲ್ಲ. ಆ ಹೆಂಗಸಿಗೆ ಒಂದು ಬಾಲ್ಯ, ಒಂದು ಊರು, ಒಂದು ದನಿ ಕೊಟ್ಟು ಜೀನ್ ರೀಸ್ ಬರೆದ ‘ವೈಡ್ ಸರ್ಗಾಸೊ ಸೀ’ ಬಂದದ್ದು 1966ರಲ್ಲಿ, ನೂರಕ್ಕೂ ಹೆಚ್ಚು ವರ್ಷಗಳ ನಂತರ. ಅಷ್ಟು ಹೊತ್ತಿಗೆ ತ್ರಿವೇಣಿಯವರು ತೀರಿಕೊಂಡು ಮೂರು ವರ್ಷವಾಗಿತ್ತು. ಅಂದರೆ, ಹುಚ್ಚಿಯೆಂದು ಕರೆಸಿಕೊಂಡವಳ ಪಕ್ಕದಲ್ಲಿ ನಿಂತು ಮನೆಯವರನ್ನು ನೋಡುವ ಕೆಲಸ ಕನ್ನಡದಲ್ಲಿ ಅದಕ್ಕೂ ಮುಂಚೆಯೇ ಆಗಿಹೋಗಿತ್ತು, ಅದೂ ಮನೆಮನೆಯ ಹೆಂಗಸರು ಗ್ರಂಥಾಲಯದಿಂದ ತಂದು ಓದುವ ಜನಪ್ರಿಯ ಕಾದಂಬರಿಯೊಂದರಲ್ಲಿ. ನಮ್ಮ ವಿಮರ್ಶೆ ‘ಜನಪ್ರಿಯ’ ಎಂಬ ಹಣೆಪಟ್ಟಿ ಹಚ್ಚಿ ಈ ಬಗೆಯ ಬರವಣಿಗೆಯನ್ನು ಬಹುಕಾಲ ಪಕ್ಕಕ್ಕಿಟ್ಟಿತು. ಅದರ ಬಗ್ಗೆ ನನಗೆ ಇಂದಿಗೂ ಬೇಸರವಿದೆ.

ತ್ರಿವೇಣಿಯವರು 1963ರಲ್ಲಿ, ಇನ್ನೂ 35 ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಾಣಂತಿಯ ಸಂಕಟವನ್ನು ಬರೆದವರು ಬಾಣಂತಿಯಾಗಿಯೇ ಹೋದರೆಂಬ ಕಾರಣಕ್ಕೆ ಕಾದಂಬರಿಯನ್ನು ಅವರ ಆತ್ಮಕಥೆಯಂತೆ ಓದುವವರಿದ್ದಾರೆ. ದಯವಿಟ್ಟು ಹಾಗೆ ಓದಬೇಡಿ. ಗಂಡಸರು ಬರೆದ ಕಾದಂಬರಿಯಲ್ಲಿ ಕಲ್ಪನಾಶಕ್ತಿಯನ್ನು ಮೆಚ್ಚುವ ನಾವು ಹೆಂಗಸರು ಬರೆದಾಗ ಮಾತ್ರ ‘ಅನುಭವಿಸಿಯೇ ಬರೆದಿರಬೇಕು’ ಎಂದುಬಿಡುತ್ತೇವೆ.

ಮೈಸೂರಿನ ಓದುಗ:

ಮೇಷ್ಟ್ರೇ, ಒಪ್ಪಿದೆ. ಆದರೆ ನನ್ನ ಮೂಲ ಆಕ್ಷೇಪ ಉಳಿದೇ ಇದೆ. ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆಯೆಂದು ತೋರಿಸಹೊರಟ ಲೇಖಕಿ ಕೊನೆಯಲ್ಲಿ ಕಾವೇರಿಯನ್ನು ಮತ್ತೆ ಆಸ್ಪತ್ರೆಗೇ ಕಳಿಸಿದರಲ್ಲ? ‘ಹುಚ್ಚು ಬಿಟ್ಟೀತೇ’ ಎಂದು ಗೊಣಗುತ್ತಿದ್ದ ನೆರೆಹೊರೆಯವರ ಮಾತನ್ನೇ ಅದು ನಿಜಮಾಡಿದಂತೆ ಆಗಲಿಲ್ಲವೇ? ಅವಳು ಮನೆ ಬಿಟ್ಟು ಹೊರಟು ಒಂದು ಕೆಲಸ ಹಿಡಿದು ಬಾಳಬಹುದಿತ್ತು.

ಕಪ್ಪುಕೋಟಿನ ಓದುಗ:

ಎಲ್ಲಿಗೆ ಹೊರಡುತ್ತಿದ್ದಳು ಎಂಬುದನ್ನು ಕಾನೂನಿನ ಕಣ್ಣಿನಿಂದ ಸ್ವಲ್ಪ ನೋಡೋಣ. ಕಾದಂಬರಿಯ ಕಾಲದಲ್ಲಿ ಜಾರಿಯಲ್ಲಿದ್ದದ್ದು ಬ್ರಿಟಿಷರ 1912ರ ಭಾರತೀಯ ಉನ್ಮಾದಿಗಳ ಕಾಯ್ದೆ. ಗಂಡನೋ ಬಂಧುವೋ ಅರ್ಜಿ ಹಾಕಿದರೆ, ವೈದ್ಯರ ಪ್ರಮಾಣಪತ್ರಗಳ ಆಧಾರದ ಮೇಲೆ ಮ್ಯಾಜಿಸ್ಟ್ರೇಟರು ಒಬ್ಬ ವ್ಯಕ್ತಿಯನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಲು ಆದೇಶ ಕೊಡಬಹುದಿತ್ತು. ಒಳಗೆ ಕಳಿಸುವ ಬಾಗಿಲು ಮನೆಯವರ ಕೈಯಲ್ಲಿತ್ತು. ಹೊರಗೆ ಬಂದವಳನ್ನು ಮನೆಯವರು ಸೇರಿಸಿಕೊಳ್ಳದಿದ್ದರೆ ಏನು ಮಾಡಬೇಕೆಂಬ ಪ್ರಶ್ನೆಗೆ ಆ ಕಾಯ್ದೆಯಲ್ಲಿ ಉತ್ತರ ಹುಡುಕುವುದು ವ್ಯರ್ಥ.

ವಿಚ್ಛೇದನದ ವಿಷಯಕ್ಕೆ ಬಂದರೆ, 1955ರ ಹಿಂದೂ ವಿವಾಹ ಕಾಯ್ದೆ ಮೊದಲಿಗೆ, ಗುಣಪಡಿಸಲಾಗದ ಬುದ್ಧಿವೈಕಲ್ಯ ಮೂರು ವರ್ಷ ಎಡೆಬಿಡದೆ ಇದ್ದರೆ ಮಾತ್ರ ಆ ಕಾರಣಕ್ಕೆ ವಿಚ್ಛೇದನಕ್ಕೆ ಅವಕಾಶ ಕೊಟ್ಟಿತ್ತು. 1976ರ ತಿದ್ದುಪಡಿಯಲ್ಲಿ ಆ ಮೂರು ವರ್ಷದ ಷರತ್ತು ಹೋಯಿತು. ಕಾಯಿಲೆಯ ಹೆಸರೊಂದೇ ಸಾಲದು, ಸಂಗಾತಿಯ ಜೊತೆ ಬಾಳುವುದು ಸಾಧ್ಯವೇ ಇಲ್ಲ ಎನ್ನುವಷ್ಟು ಅದರ ತೀವ್ರತೆ ಇರಬೇಕೆಂದು ಸುಪ್ರೀಂ ಕೋರ್ಟ್ 1988ರಲ್ಲಿ ಸ್ಪಷ್ಟಪಡಿಸಿತು. ಹಾಗಿದ್ದರೂ ನ್ಯಾಯಾಲಯದ ಕಡತಗಳಲ್ಲಿ ಹೆಂಡತಿಯ ಹಳೆಯ ಔಷಧ ಚೀಟಿಯೊಂದು ಅಸ್ತ್ರವಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಂದೋ ನಿದ್ರೆ ಬರುವುದಿಲ್ಲವೆಂದು ವೈದ್ಯರ ಬಳಿ ಹೋಗಿದ್ದ ಚೀಟಿಯನ್ನು ಜೋಪಾನವಾಗಿ ಎತ್ತಿಟ್ಟುಕೊಂಡು, ಪ್ಲಾಸ್ಟಿಕ್ ಹಾಳೆ ಹೊದಿಸಿ ತಂದ ಗಂಡನ ನೆನಪು ಈಗ ಬಂತು.

ಇನ್ನು, ಸತೀಶನಿಗೆ ಇದ್ಯಾವುದೂ ಬೇಕಾಗಲಿಲ್ಲ ಎಂಬುದನ್ನು ಗಮನಿಸಿ. ಕೋರ್ಟಿನ ಮೆಟ್ಟಿಲು ಹತ್ತದೆಯೇ ಅವನಿಗೆ ಹೆಂಡತಿಯಿಂದ ಬಿಡುಗಡೆ ಸಿಕ್ಕಿತು. ಕಾನೂನಿನ ಪ್ರಕಾರ ಕಾವೇರಿ ಮನೆಯೊಡತಿ. ಮನೆಯವರ ನೋಟದ ಪ್ರಕಾರ ಅವಳು ತಾತ್ಕಾಲಿಕವಾಗಿ ಬಿಡುಗಡೆಯಾದ ರೋಗಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೆಯ ಪ್ರಕರಣ ಕಾವೇರಿಯನ್ನು ನೋಡಿಯೇ ಬರೆದಂತಿದೆ: ಕುಟುಂಬವಿಲ್ಲ ಅಥವಾ ಕುಟುಂಬ ಒಪ್ಪಿಕೊಳ್ಳುವುದಿಲ್ಲ ಎಂಬ ಕಾರಣಕ್ಕೇ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. 21ನೆಯ ಪ್ರಕರಣದ ಪ್ರಕಾರ ಚಿಕಿತ್ಸೆ ಪಡೆಯುತ್ತಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು. ಮಗುವಿಗೆ ಅಪಾಯವಿದ್ದರೆ ಬೇರ್ಪಡಿಸಬಹುದು, ಆಗಲೂ 15 ದಿನಕ್ಕೊಮ್ಮೆ ಆ ನಿರ್ಧಾರವನ್ನು ಮರುಪರಿಶೀಲಿಸಬೇಕು. ಕಾಗದದ ಮೇಲೆ ಇದೆಲ್ಲ ಸೊಗಸಾಗಿದೆ. ಆಸ್ಪತ್ರೆಯಿಂದ ಹೊರಬಂದವರು ನೆಲೆ ನಿಲ್ಲಲು ಬೇಕಾದ ಮನೆಗಳೆಲ್ಲಿವೆ ಎಂದು ಮಾತ್ರ ಕೇಳಬೇಡಿ.

ಆಪ್ತಸಮಾಲೋಚಕಿ:

ತಾಯಿ ಮಗುವನ್ನು ಜೊತೆಯಲ್ಲೇ ಇಟ್ಟು ಚಿಕಿತ್ಸೆ ಕೊಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಆರಂಭವಾಯಿತು. ಕೂಸಿಗೆ ಹಾಲುಣಿಸುವುದು, ಸ್ನಾನ ಮಾಡಿಸುವುದು, ಅದರ ಅಳುವಿಗೆ ಓಗೊಡುವುದು, ಇದೆಲ್ಲ ಅಲ್ಲಿ ಚಿಕಿತ್ಸೆಯ ಭಾಗವೇ. ಮನೆಯ ಒಬ್ಬ ಹೆಂಗಸು ಜೊತೆಗಿದ್ದು ಎಲ್ಲವನ್ನೂ ನೋಡುತ್ತಿರುತ್ತಾಳೆ, ಕಲಿಯುತ್ತಾಳೆ. ಇದಕ್ಕೂ ಬಹಳ ಹಿಂದೆ, 1950ರ ದಶಕದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಕುಟುಂಬದವರಿಗೆ ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡಿದ್ದರು. ಗುಣವಾಗುವುದನ್ನು ಹಂತಹಂತವಾಗಿ ಕಂಡ ಮನೆಯವರು ಗುಣವಾದವರನ್ನು ಸುಲಭವಾಗಿ ನಂಬುತ್ತಾರೆ ಎಂಬುದು ಅನುಭವದ ಮಾತು. ಕಾವೇರಿಯ ಮನೆಯವರು ಕಂಡದ್ದು ಅವಳ ಕಾಯಿಲೆಯ ಭಯಂಕರ ದಿನಗಳನ್ನು ಮಾತ್ರ. ಅವಳು ಹೇಗೆ ನಿಧಾನವಾಗಿ ತನ್ನ ಹದಕ್ಕೆ ಮರಳಿದಳೆಂಬುದನ್ನು ಅವರು ನೋಡಿಯೇ ಇಲ್ಲ.

ಮೈಸೂರಿನ ಓದುಗರ ಪ್ರಶ್ನೆಗೆ: ಕಾದಂಬರಿಯಲ್ಲಿ ಸೋತದ್ದು ಚಿಕಿತ್ಸೆಯಲ್ಲ. ಆಸ್ಪತ್ರೆ ತನ್ನ ಕೆಲಸ ಮುಗಿಸಿ ಅವಳನ್ನು ಕಳಿಸಿಕೊಟ್ಟಿತು. ಒಂದೇ ಔಷಧ, ಒಂದೇ ವೈದ್ಯರಿದ್ದೂ ಚೇತರಿಕೆ ಉಳಿಯುವುದು, ಉಳಿಯದಿರುವುದು ಮನೆಯ ವಾತಾವರಣದ ಮೇಲೆ ಎಷ್ಟು ನಿಂತಿದೆಯೆಂದು ನಮ್ಮ ಕ್ಷೇತ್ರದವರಿಗೆ ಚೆನ್ನಾಗಿ ಗೊತ್ತು. ಸದಾ ಟೀಕಿಸುವ, ಸದಾ ಕಾವಲು ಕಾಯುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು.

ನನಗೆ ಕಾಡುವ ಇನ್ನೊಂದು ಸಂಗತಿ: ಗಂಡನಿಗೆ ಕಾಯಿಲೆಯಾದಾಗ ಹೆಂಡತಿಗೆ ನಾವು ಹೇಳುವ ಮಾತು ಯಾವುದು? ‘ತಾಳ್ಮೆಯಿಂದಿರಮ್ಮ, ಸೇವೆ ಮಾಡು, ನಿನ್ನ ಮಾಂಗಲ್ಯ ಗಟ್ಟಿ.’ ಹೆಂಡತಿಗೆ ಕಾಯಿಲೆಯಾದಾಗ ಗಂಡನಿಗೆ ಹೇಳುವುದು, ‘ಪಾಪ, ಎಷ್ಟು ದಿನ ಅಂತ ಸಹಿಸುತ್ತೀಯ? ನಿನ್ನದೂ ಒಂದು ಬದುಕಲ್ಲವೇ?’ ಹೊರರೋಗಿ ವಿಭಾಗದ ಬೆಂಚುಗಳ ಮೇಲೆ ಗಂಡಂದಿರ ಜೊತೆ ಹೆಂಡತಿಯರು ಕುಳಿತಿರುತ್ತಾರೆ, ಹೆಂಡತಿಯರ ಜೊತೆ ಅವರ ತಾಯಂದಿರು ಕುಳಿತಿರುತ್ತಾರೆ. ಅಪವಾದಗಳು ಇವೆ, ಅಂಥ ಗಂಡಂದಿರನ್ನೂ ಕಂಡಿದ್ದೇನೆ.

ಮರುಓದಿನವಳು:

ನೀವು ಎಳೆದ ಗೆರೆಯನ್ನು ನಾನು ಒಪ್ಪಿಕೊಳ್ಳುತ್ತೇನೆ. ಮೊದಲನೆಯದು ಕಾಯಿಲೆ, ಅದಕ್ಕೆ ಮದ್ದಿತ್ತು. ಎರಡನೆಯದರ ಒಡಲಲ್ಲಿ ಕಾಯಿಲೆಯೂ ಇದೆ, ದುಃಖವೂ ಇದೆ, ಅವೆರಡನ್ನು ಬಿಡಿಸಿ ನೋಡುವ ವ್ಯವಧಾನ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಗಂಡನ ಸಂಬಂಧದ ಬಗ್ಗೆ ಅವಳಿಗೆ ಮೂಡುವ ಅನುಮಾನವನ್ನೇ ತೆಗೆದುಕೊಳ್ಳಿ: ಅನುಮಾನ ಕಾಯಿಲೆಯ ಲಕ್ಷಣವೆಂದು ಪುಸ್ತಕಗಳು ಹೇಳುತ್ತವೆ, ಆದರೆ ಇಲ್ಲಿ ಅವಳ ಅನುಮಾನ ನಿಜ. ಸರಿಯಾಗಿ ಕಂಡದ್ದನ್ನು ಸರಿಯಾಗಿ ಹೇಳಿದರೂ ನಂಬಿಸಲಾಗದ ಸ್ಥಿತಿಯಲ್ಲಿ ಗಟ್ಟಿಮನಸ್ಸಿನವರು ಎಷ್ಟು ದಿನ ನಿಂತಾರು?

ಮನೆ ಬಿಟ್ಟು ಹೊರಡಬಹುದಿತ್ತೆಂಬ ಮಾತಿಗೆ, ನನಗೂ ಹಾಗೆಯೇ ಆಸೆಯಿದೆ. ಆದರೆ ಅದು ಓದುಗರಾದ ನಮ್ಮ ಸಮಾಧಾನಕ್ಕೆ ಬೇಕಾದ ಕೊನೆ. ಮಕ್ಕಳನ್ನು ಬಿಟ್ಟು ಹೊರಟಿದ್ದರೆ ಅದನ್ನೂ ಹುಚ್ಚಿಗೇ ಸಾಕ್ಷಿಯಾಗಿ ಎಣಿಸುತ್ತಿದ್ದರು.

ಹೊಸ ಸದಸ್ಯೆ:

ಇಲ್ಲಿ ಮೊದಲ ಬಾರಿಗೆ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಒಬ್ಬರು ಇಂಥದೇ ಕಾಯಿಲೆಯಿಂದ ಚೇತರಿಸಿಕೊಂಡು ಈಗ ಚೆನ್ನಾಗಿದ್ದಾರೆ, ಮಗುವೂ ಚೆನ್ನಾಗಿದೆ. ಅವರಿಗೆ ಓದುವ ಅಭ್ಯಾಸ ಬಹಳ. ಮೊನ್ನೆ ಅವರೇ ‘ಶರಪಂಜರ ತರಿಸಿಕೊಡು’ ಎಂದು ಕೇಳಿದರು. ಮನೆಯಲ್ಲಿ ಎಲ್ಲರೂ ಬೇಡವೇ ಬೇಡ ಎನ್ನುತ್ತಿದ್ದಾರೆ, ಪುಸ್ತಕ ಸಿಗಲಿಲ್ಲವೆಂದು ಸುಳ್ಳು ಹೇಳುವಂತೆ ನನಗೆ ತಾಕೀತು ಮಾಡಿದ್ದಾರೆ. ಕೊಡುವುದೋ ಬಿಡುವುದೋ ತಿಳಿಯುತ್ತಿಲ್ಲ.

ನಿವೃತ್ತ ಮೇಷ್ಟ್ರು:

ನನ್ನನ್ನು ಕೇಳಿದರೆ ಈಗ ಬೇಡ. ಸಾಹಿತ್ಯದ ಶಕ್ತಿಯನ್ನು ನಂಬುವವನಾಗಿಯೇ ಈ ಮಾತು ಹೇಳುತ್ತಿದ್ದೇನೆ. ಇನ್ನಷ್ಟು ದಿನ ಕಳೆಯಲಿ.

ಆಪ್ತಸಮಾಲೋಚಕಿ:

ಮೇಷ್ಟ್ರ ಕಾಳಜಿ ಅರ್ಥವಾಗುತ್ತದೆ, ಆದರೆ ನಾನು ಬೇರೆ ರೀತಿ ಯೋಚಿಸುತ್ತೇನೆ. ಪುಸ್ತಕದ ಹೆಸರು ಹೇಳಿ ಕೇಳಿದ್ದಾರೆಂದರೆ ಅದರಲ್ಲಿ ಏನಿದೆಯೆಂದು ಅವರಿಗೆ ಸುಮಾರಾಗಿ ಗೊತ್ತಿದೆ. ಸಿಗಲಿಲ್ಲವೆಂದು ನೀವು ಹೇಳಿದರೆ ಅವರು ಮೊಬೈಲಿನಲ್ಲಿ ಹುಡುಕಿ ತರಿಸಿಕೊಳ್ಳಬಲ್ಲರು. ಆಗ ಪುಸ್ತಕಕ್ಕಿಂತ ನಿಮ್ಮ ಸುಳ್ಳೇ ಅವರಿಗೆ ಹೆಚ್ಚು ನೋವು ಕೊಡುತ್ತದೆ. ಮೊದಲು ಅವರನ್ನೇ ಕೇಳಿ: ಯಾಕೆ ಓದಬೇಕು ಅನ್ನಿಸಿತು? ನಿದ್ರೆ ಸರಿಯಾಗಿ ಬರುತ್ತಿದೆಯೇ? ಕೊನೆ ಸುಖಾಂತವಲ್ಲವೆಂದು ಮುಂಚೆಯೇ ಹೇಳಿಬಿಡಿ, ಮುಚ್ಚಿಡಬೇಡಿ. ಮುಂದಿನ ಭೇಟಿಯಲ್ಲಿ ಅವರ ವೈದ್ಯರ ಬಳಿಯೂ ಈ ವಿಷಯ ಪ್ರಸ್ತಾಪಿಸಬಹುದು, ಆದರೆ ಅವರ ಎದುರಿಗೇ ಪ್ರಸ್ತಾಪಿಸಿ, ಬಾಗಿಲ ಹೊರಗೆ ನಿಲ್ಲಿಸಿ ಅಲ್ಲ. ನಿದ್ರೆ ಕೆಟ್ಟಿದ್ದರೆ ಅಥವಾ ಮಾತ್ರೆ ಬಿಟ್ಟಿದ್ದರೆ ಪುಸ್ತಕದ ಮಾತು ಆಮೇಲೆ, ವೈದ್ಯರ ಭೇಟಿ ಮೊದಲು. ಎಲ್ಲವೂ ಸರಿಯಿದ್ದರೆ ಕೊಡಿ, ನೀವೂ ಒಂದು ಪ್ರತಿ ತರಿಸಿಕೊಂಡು ಜೊತೆಜೊತೆಯಾಗಿ ಓದಿ. ಓದುತ್ತ ಅವರು ಅತ್ತರೆ, ದಯವಿಟ್ಟು ಮಾತ್ರೆಯ ಡಬ್ಬಿಯ ಕಡೆ ನೋಡಬೇಡಿ. ನಾನೂ ಆ ಕಾದಂಬರಿ ಓದಿ ಅತ್ತಿದ್ದೇನೆ, ನೀವೂ ಅಳುತ್ತೀರಿ.

ಹೊಸ ಸದಸ್ಯೆ:

ಧನ್ಯವಾದಗಳು. ನಾಳೆ ಅವರನ್ನೇ ಕೇಳುತ್ತೇನೆ. ಎರಡು ಪ್ರತಿ ತರಿಸಲು ಹೇಳಿದ್ದೇನೆ.